ಹುಳಿಕೋಸಿನ ಡಬ್ಬಿಯಲ್ಲೊಂದು ಸಮುದ್ರ

ಕಚಕ್. ಕಚಕ್. ಕಚಕ್.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಡೆಂಗ್ಲರ್ ದಂಪತಿಯ ಅಡುಗೆಮನೆಯಲ್ಲಿ ಕತ್ತರಿಯ ಸದ್ದು ಶುರುವಾಗುತ್ತಿತ್ತು. ಆರ್ವಿಲ್ ಡೆಂಗ್ಲರ್ ಕತ್ತರಿಸುತ್ತಿದ್ದದ್ದು ಆವತ್ತಿನ ಪತ್ರಿಕೆಯನ್ನು. ಓಹಾಯೋದ ಆ ಸಣ್ಣ ಊರಿನಲ್ಲಿ ಭಾನುವಾರದ ಪತ್ರಿಕೆಯೆಂದರೆ ಜೋಳದ ತೆನೆ. ಲೋಕದ ಸುದ್ದಿಯೆಲ್ಲ ಹೊರಗಿನ ಸಿಪ್ಪೆ. ಅದನ್ನು ಸುಲಿದು ಬಿಸಾಕಿದರೆ ಒಳಗೆ ಸಾಲುಸಾಲು ಕಾಳು, ಬಣ್ಣಬಣ್ಣದ ಕೂಪನ್‌ಗಳು. ಎಲ್ಲೋ ಯುದ್ಧ ನಡೆದಿರಲಿ, ಯಾವುದೋ ಸರ್ಕಾರ ಉರುಳಿರಲಿ, ಅದರ ಬೆನ್ನಿಗೆ ಟೊಮೇಟೊ ರಸದ ಕೂಪನ್ ಇದ್ದರೆ ಆರ್ವಿಲನ ಕತ್ತರಿ ಅದರ ಮೇಲೆ ಹಾದುಹೋಗಲು ಹಿಂಜರಿಯುತ್ತಿರಲಿಲ್ಲ.

ಮೊದಲು ಅವನು ಹೀಗಿರಲಿಲ್ಲ. ಗಾಜಿನ ಕಾರ್ಖಾನೆ ಬಾಗಿಲು ಹಾಕಿಕೊಂಡು, ಅವನ ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿತ್ತು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಅವನ ಕಣ್ಣಿಗೆ ಮೊದಲು ಬೀಳುವುದು ಹೆಂಡತಿ ಕೆಲಸ ಮಾಡುವ ರೀತಿ. ಆರ್ವಿಲ್ ಎರಡು ವಾರ ಗಮನಿಸಿದ. ಮೂರನೇ ವಾರ ತಿಂಡಿಯ ಮೇಜಿನಲ್ಲಿ, ದೇಶವನ್ನುದ್ದೇಶಿಸಿ ಮಾತಾಡುವವನ ಗತ್ತಿನಲ್ಲಿ, ಗಂಟಲು ಸರಿಮಾಡಿಕೊಂಡ.

"ಇಷ್ಟು ವರ್ಷ ಈ ಮನೆ ದಿನಸಿ ನಿನ್ನ ಕೈಲಿತ್ತು, ಲೊವೀನಾ. ಇನ್ನು ನನಗೆ ಬಿಡು. ಉಳಿಸಿದ ದುಡ್ಡಲ್ಲಿ ನಿನಗೆ ಸಮುದ್ರ ತೋರಿಸ್ತೀನಿ."

ಲೊವೀನಾ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. "ಯಾವ ಸಮುದ್ರ?"

"ಅಟ್ಲಾಂಟಿಕ್," ಎಂದ ಆರ್ವಿಲ್, ಅದೂ ಅರ್ಧ ಬೆಲೆಗೆ ಸಿಗುತ್ತದೆ ಎಂಬಂತೆ.

ಲೊವೀನಾ ಸಮುದ್ರ ನೋಡಿರಲಿಲ್ಲ. ಮದುವೆಯಾದ ವರ್ಷವೇ ಆರ್ವಿಲ್ ಮಾತು ಕೊಟ್ಟಿದ್ದ. ಆ ವರ್ಷ ಮಾಡಿನ ಹಂಚು ಹಾರಿಹೋಯಿತು. ಮುಂದಿನ ವರ್ಷ ಮಗಳು ಹುಟ್ಟಿದಳು. ಆಮೇಲೆ ಚಳಿಗೆ ಮನೆ ಕಾಯಿಸುವ ಒಲೆ, ಕಾರು, ಮಗಳ ಹಲ್ಲು, ಮಗಳ ಮದುವೆ. ಸಮುದ್ರ ತನ್ನ ಪಾಡಿಗೆ ತಾನು ಅಲ್ಲೇ ಇತ್ತು. ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಇಬ್ಬರೂ ಅದನ್ನು ಮುಂದಕ್ಕೆ ಹಾಕುತ್ತ ಬಂದರು. ದನದ ಮೇವಿನ ಅಂಗಡಿಯವರು ಎಂದೋ ಕೊಟ್ಟ ಕ್ಯಾಲೆಂಡರಿನ ಒಂದು ಹಾಳೆ ಮಾತ್ರ ಬೀರುವಿನ ಬಾಗಿಲ ಒಳಮೈಗೆ ಅಂಟಿಕೊಂಡು ಉಳಿದಿತ್ತು. ಸಕ್ಕರೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಒಂದು ಅಲೆ ಇನ್ನೇನು ಒಡೆಯುವಂತೆ ನಿಂತಿರುತ್ತಿತ್ತು. ಬಾಗಿಲು ಮುಚ್ಚಿದರೆ ಇಲ್ಲ.

ಆರ್ವಿಲ್ ಕೆಲಸಕ್ಕಿಳಿದ. ಕೂಪನ್ ಕತ್ತರಿಸುವುದು ಇದರಲ್ಲಿ ಒಂದನೇ ತರಗತಿ ಎಂದು ಅವನಿಗೆ ಬೇಗನೆ ತಿಳಿಯಿತು. ಮಂಗಳವಾರ ಅಂಗಡಿಯವರು ಕೂಪನ್ನಿನ ಬೆಲೆಯನ್ನು ಇಮ್ಮಡಿ ಮಾಡುತ್ತಿದ್ದರು. ಆವತ್ತು ಮಾತ್ರ ಅಂಗಡಿಗೆ ಹೋಗಬೇಕು. ಅದಕ್ಕಿಂತ ಮೇಲಿನ ವಿದ್ಯೆಯೆಂದರೆ ರಿಬೇಟು. ತಂದ ಡಬ್ಬಿಯ ಮೈಗೆ ಸುತ್ತಿದ ಚೀಟಿಯನ್ನು ಹರಿಯದಂತೆ ಬಿಡಿಸಿ ಕಂಪನಿಗೆ ಅಂಚೆಯಲ್ಲಿ ಕಳಿಸಿದರೆ, ತಿಂಗಳೆರಡು ತಿಂಗಳಲ್ಲಿ ಕಂಪನಿಯಿಂದ ಪುಟ್ಟದೊಂದು ಚೆಕ್ಕು ಬರುತ್ತಿತ್ತು. ಕೂಪನ್ ಇಮ್ಮಡಿಸಿ ರಿಬೇಟೂ ಬಂದರೆ ಕೆಲವು ಸಾಮಾನು ಪುಕ್ಕಟೆ. ಪುಕ್ಕಟೆಯಾದದ್ದನ್ನು ಬಿಟ್ಟು ಬರುವುದು ಆರ್ವಿಲನ ಲೆಕ್ಕದಲ್ಲಿ ಕಳ್ಳತನಕ್ಕೆ ಸಮ, ತನ್ನ ಜೇಬಿಗೇ ತಾನು ಕೈಹಾಕಿದ ಹಾಗೆ.

ಹೀಗೆ ನೆಲಮಾಳಿಗೆಯ ಹಲಗೆಗಳು ತುಂಬುತ್ತ ಹೋದವು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ, ಹಬ್ಬದ ಸಿಹಿತಿಂಡಿಗೆಂದು ತರಿಸಿ ಉಳಿದು ಯಾರಿಗೂ ಬೇಡವಾದ ಸಿಹಿಗುಂಬಳದ ಡಬ್ಬಿಗಳು ಗಾಡಿ ತುಂಬ ಬಂದವು. ಬೀಟ್‌ರೂಟ್ ಬಂತು, ಪೀಚ್ ಹಣ್ಣು ಬಂತು, ಬೀನ್ಸು ಬಂತು. ಒಂದು ದಿನ ನಾಯಿಯ ಊಟದ ಡಬ್ಬಿಗಳೂ ಬಂದವು.

"ನಮ್ಮನೇಲಿ ನಾಯಿ ಇಲ್ವಲ್ಲ," ಎಂದಳು ಲೊವೀನಾ.

"ಇದಕ್ಕೆ ನಾಯಿ ಬೇಕಾಗಿಲ್ಲ. ಕೂಪನ್ ಇದ್ದರೆ ಸಾಕು."

ಲೊವೀನಾ ಮುಂದೆ ಕೇಳಲಿಲ್ಲ. ಅವಳ ಸ್ವಭಾವವೇ ಹಾಗೆ. ಅವಳು ವಾದ ಮಾಡುತ್ತಿರಲಿಲ್ಲ, ಕಾಯುತ್ತಿದ್ದಳು. ಪ್ರತಿ ಶರತ್ಕಾಲದಲ್ಲೂ ಎಲೆಕೋಸು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಅಜ್ಜಿಯ ಕಾಲದ ಮಣ್ಣಿನ ಜಾಡಿಯಲ್ಲಿ ಒತ್ತಿ, ಮೇಲೊಂದು ಕಲ್ಲಿಟ್ಟು ಹುಳಿ ಬರುವವರೆಗೆ ಸುಮ್ಮನೆ ಕೂರುವ ಹೆಂಗಸು. ಹೊಸ ವರ್ಷದ ದಿನ ಹಂದಿಮಾಂಸದ ಜೊತೆ ಆ ಹುಳಿಕೋಸು ತಿನ್ನದೆ ವರ್ಷ ಶುರುವಾಯಿತೆಂದು ಆ ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಲೊವೀನಾಳ ಜಾಡಿಯ ರುಚಿಗೆ ಬೀದಿಯೇ ಸಾಕ್ಷಿಯಾಗಿತ್ತು.

ಇತ್ತ ದುಡ್ಡು ಕೂಡುತ್ತಿತ್ತು, ಅದನ್ನಿಡಲು ಒಂದು ಜಾಗ ಬೇಕಾಯಿತು. ಬ್ಯಾಂಕಿನ ಕಿಟಕಿಯಲ್ಲಿ ಕೂರುತ್ತಿದ್ದವಳು ಲೊವೀನಾಳ ತಂಗಿಯ ಸೊಸೆ. ಬೆಳಗ್ಗೆ ಅಲ್ಲಿ ಕಟ್ಟಿದ ಹಣ ಸಂಜೆಯೊಳಗೆ ಸುದ್ದಿಯಾಗಿ ಮನೆಗೆ ವಾಪಸು ಬರುತ್ತಿತ್ತು. ಆರ್ವಿಲನಿಗೆ ಎಷ್ಟು ಕೂಡಿತೆಂಬುದು ಹೆಂಡತಿಗೆ ತಿಳಿಯಬಾರದಿತ್ತು. ಒಂದು ದಿನ ಥಟ್ಟನೆ ಅವಳ ಮುಂದೆ ಸಮುದ್ರ ಸುರಿಯಬೇಕೆಂಬುದು ಅವನ ಆಸೆ. ಅಷ್ಟರಲ್ಲಿ ಒಂದು ಕಂಪನಿ, ಅವನು ಕಳಿಸಿದ್ದ ಚೀಟಿಗಳ ರಾಶಿಗೆ ಮೆಚ್ಚಿ, ಉಡುಗೊರೆಯೊಂದನ್ನು ಕಳಿಸಿತು. ಹೊರಗಿನಿಂದ ನೋಡಿದರೆ ಹುಳಿಕೋಸಿನ ಸಾಧಾರಣ ಡಬ್ಬಿ. ತಳ ಹಿಡಿದು ಬಲವಾಗಿ ತಿರುಗಿಸಿದರೆ ಬಿಚ್ಚಿಕೊಳ್ಳುವುದು. ಕಳ್ಳರ ಕಣ್ಣಿಗೆ ಮಣ್ಣೆರಚುವ ತಿಜೋರಿ! ಆರ್ವಿಲ್ ಕಣ್ಣೀರು ಬರುವಷ್ಟು ಸಂತೋಷಪಟ್ಟ. ನೋಟುಗಳನ್ನು ಕರವಸ್ತ್ರದಲ್ಲಿ ಬಿಗಿಯಾಗಿ ಸುತ್ತಿ, ಅಲ್ಲಾಡಿಸಿದರೂ ಸದ್ದಾಗದಂತೆ ಒಳಗಿಟ್ಟು, ತಳ ತಿರುಗಿಸಿ, ಹಲಗೆಯ ಮೂಲೆಯಲ್ಲಿ ಕೂರಿಸಿದ.

ವಸಂತದಲ್ಲಿ ಅವನ ಬದುಕಿನ ಅತಿದೊಡ್ಡ ರಿಬೇಟು ಪ್ರಕಟವಾಯಿತು. ಒಂದು ದೊಡ್ಡ ಕಂಪನಿ, ತಿಂಗಳು ಮುಗಿಯುವುದರೊಳಗೆ ತನ್ನ ಡಬ್ಬಿಗಳ ಚೀಟಿ ಎಷ್ಟು ಕಳಿಸಿದರೂ ಅಷ್ಟಕ್ಕೂ ಹಣ ಕೊಡುವುದಾಗಿ ಸಾರಿತು. ನೆಲಮಾಳಿಗೆಯ ಡಬ್ಬಿಗಳು ಹೆಚ್ಚುಕಡಿಮೆ ಎಲ್ಲವೂ ಅದೇ ಕಂಪನಿಯವು. ನಾಯಿಯ ಊಟವೂ ಅವರದೇ. ಆರ್ವಿಲ್ ಬಟ್ಟೆ ಒಗೆಯುವ ತೊಟ್ಟಿಗೆ ಬಿಸಿನೀರು ತುಂಬಿಸಿ ಡಬ್ಬಿಗಳನ್ನು ಒಂದೊಂದಾಗಿ ಮುಳುಗಿಸಿದ. ಚೀಟಿಗಳು ಮೆಲ್ಲಗೆ ಮೈಬಿಟ್ಟು ನೀರಿನ ಮೇಲೆ ತೇಲಿ ಬಂದವು. ಅವನ್ನು ದಾರದ ಮೇಲೆ ಹಾಕಿ ಒಣಗಿಸಿದ. ಕೊನೆಗೆ ಮೂಲೆಯ ಹುಳಿಕೋಸಿನ ಡಬ್ಬಿ ಕಣ್ಣಿಗೆ ಬಿತ್ತು. ಅದರ ಚೀಟಿಯೂ ಆ ಕಂಪನಿಯದೇ! ಆ ಗಳಿಗೆಯಲ್ಲಿ ಆರ್ವಿಲನಿಗೆ ಡಬ್ಬಿ ಕಾಣಲಿಲ್ಲ, ಬರೀ ಚೀಟಿ ಕಂಡಿತು. ಅದೂ ತೊಟ್ಟಿಗೆ ಇಳಿಯಿತು. ಮೂಲೆಯಲ್ಲಿರುವುದೇ ಹಣದ ಡಬ್ಬಿ ಎಂದು ನೆನಪಿಟ್ಟುಕೊಂಡರಾಯಿತಲ್ಲ ಎಂದು ಅದನ್ನು ಒರೆಸಿ ಅದರ ಜಾಗದಲ್ಲೇ ಇಟ್ಟ.

ಹಲಗೆಗಳ ಮೇಲೆ ಈಗ ಬರಿಮೈಯ ಡಬ್ಬಿಗಳು ಸಾಲಾಗಿ ನಿಂತವು. ಎಲ್ಲವೂ ಒಂದೇ ಗಾತ್ರ, ಒಂದೇ ಹೊಳಪು. ಲೊವೀನಾ ಮೆಟ್ಟಿಲ ಮೇಲೆ ನಿಂತು ದಾರದ ಮೇಲಿನ ಚೀಟಿಗಳನ್ನೂ ಹಲಗೆಯನ್ನೂ ಬಹಳ ಹೊತ್ತು ನೋಡಿದಳು.

"ಇದರಲ್ಲಿ ಬೀನ್ಸ್ ಯಾವುದು?"

"ಅಲ್ಲಾಡಿಸಿದರೆ ಗೊತ್ತಾಗುತ್ತೆ," ಎಂದ ಆರ್ವಿಲ್. ಅದುವರೆಗೂ ಆ ವಿಚಾರ ಅವನ ತಲೆಗೆ ಬಂದಿರಲಿಲ್ಲ.

ಆ ರಾತ್ರಿಯ ಊಟಕ್ಕೆ ಬೀನ್ಸೆಂದು ತೆಗೆದದ್ದು ಪೀಚ್ ಹಣ್ಣಾಯಿತು. ಮಾರನೇ ದಿನ ಪೀಚೆಂದು ತೆಗೆದದ್ದು ಬೀಟ್‌ರೂಟ್ ಆಯಿತು. ಲೊವೀನಾ ಅದನ್ನೇ ಬಡಿಸಿದಳು.

ಆ ಶನಿವಾರ ಚರ್ಚಿನಲ್ಲಿ ಹೊಸ ಪಾಸ್ಟರ್ ಹೋಮ್‌ಬರ್ಗ್ ಅವರಿಗೆ 'ಪೌಂಡು ತುಂಬುವ' ದಿನ. ಹೊಸದಾಗಿ ಬಂದ ಪಾಸ್ಟರ್ ಮನೆಗೆ ಊರವರೆಲ್ಲ ಸಕ್ಕರೆಯೋ ಹಿಟ್ಟೋ ಬೆಣ್ಣೆಯೋ ಒಂದೊಂದು ಪೌಂಡು ಹೊತ್ತು ತಂದು ಉಗ್ರಾಣ ತುಂಬಿಸುವುದು ಅಲ್ಲಿಯ ಹಳೇ ಪದ್ಧತಿ. ಅದರ ಬಾಲಕ್ಕೊಂದು ಹಳೇ ಕುಚೇಷ್ಟೆಯೂ ಇತ್ತು. ಯಾರಾದರೊಬ್ಬರು ಡಬ್ಬಿಗಳ ಚೀಟಿ ಕಿತ್ತು ಕೊಡಬೇಕು, ಹೊಸ ಸಂಸಾರ ಒಳಗೇನಿದೆಯೋ ಎಂದು ಪರದಾಡಬೇಕು, ಊರು ನಗಬೇಕು. ಇತ್ತೀಚೆಗೆ ಅದನ್ನು ಮಾಡುವವರು ಇಲ್ಲವಾಗಿದ್ದರು. ಮಧ್ಯಾಹ್ನದ ಊಟದಲ್ಲಿ ಆರ್ವಿಲನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಈ ಡಬ್ಬಿಗಳಿಂದ ಬಿಡುಗಡೆಯೂ ಆಯಿತು, ಹಳೇ ಪದ್ಧತಿಯನ್ನು ಉಳಿಸಿದ ಕೀರ್ತಿಯೂ ಬಂತು. ಧಾರಾಳವಾಗಿ ಕೊಟ್ಟುಬಿಡೋಣ ಎಂದು ಹೆಂಡತಿಗೆ ಹೇಳಿ, ಒಣಗಿದ ಚೀಟಿಗಳ ಕಟ್ಟು ಹಿಡಿದು ಅಂಚೆ ಕಚೇರಿಗೆ ಓಡಿದ. ಹಿಂತಿರುಗುವಷ್ಟರಲ್ಲಿ ಲೊವೀನಾ ಡಬ್ಬಿಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ವರಾಂಡದಲ್ಲಿ ಜೋಡಿಸಿಟ್ಟಿದ್ದಳು.

ಚರ್ಚಿನಲ್ಲಿ ಅವನಿಗೆ ಸಿಕ್ಕ ಚಪ್ಪಾಳೆ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದರೂ ಸಿಕ್ಕಿರಲಿಲ್ಲ. ಮುದುಕರು ಕಣ್ಣೊರೆಸಿಕೊಂಡು ನಕ್ಕರು. ಪಾಸ್ಟರ್ ಹೆಂಡತಿ ಡಾರ್ಲಾ, ಬಂದ ಊರಿಗೆ ಒಗ್ಗಿಕೊಳ್ಳಬೇಕೆಂದು ಹಟ ತೊಟ್ಟ ಹುಡುಗಿ, ಅಲ್ಲಿಯೇ ಒಂದು ನಿಯಮ ಮಾಡಿದಳು. ನಮ್ಮ ಮನೆಗೆ ಬಂದವರು ಒಂದು ಡಬ್ಬಿ ಎತ್ತಿಕೊಳ್ಳಬೇಕು, ಎತ್ತಿಕೊಂಡದ್ದನ್ನು ತಿನ್ನಲೇಬೇಕು. ಎಲ್ಲರೂ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆರ್ವಿಲ್.

ಮನೆಗೆ ಬಂದವನು ಅದೇ ಉತ್ಸಾಹದಲ್ಲಿ, ಆ ವಾರದ ಚೆಕ್ಕಿನ ಹಣವನ್ನು ಸೇರಿಸಲು ನೆಲಮಾಳಿಗೆಗೆ ಇಳಿದ. ಹಲಗೆಗಳು ಖಾಲಿ. ಮೂಲೆಯೂ ಖಾಲಿ.

ಮೇಲೆ ಬಂದು, ಆದಷ್ಟು ಸಹಜವಾಗಿ, ಮೂಲೆಯದ್ದನ್ನೂ ತುಂಬಿಸಿದೆಯಾ ಎಂದು ಕೇಳಿದ.

"ಎಲ್ಲಾನೂ," ಎಂದಳು ಲೊವೀನಾ. "ಧಾರಾಳವಾಗಿ ಕೊಡೋಣ ಅಂದೆಯಲ್ಲ."

ಸಮುದ್ರ ಪಾಸ್ಟರ್ ಮನೆಯ ಉಗ್ರಾಣ ಸೇರಿತ್ತು. ಹೇಳೋಣವೆಂದರೆ ಗುಟ್ಟು ಹೋಗುತ್ತದೆ; ಗುಟ್ಟು ಹೋದರೂ ಪರವಾಗಿಲ್ಲ, ಹುಳಿಕೋಸಿನ ಚೀಟಿಯ ಆಸೆಗೆ ಬಿದ್ದು ಸಮುದ್ರವನ್ನೇ ಕಳೆದೆ ಎಂದು ಯಾವ ಬಾಯಲ್ಲಿ ಹೇಳುವುದು. ಮಾರನೇ ಸಂಜೆ ಆರ್ವಿಲ್ ತಲೆ ಬಾಚಿಕೊಂಡು ಪಾಸ್ಟರ್ ಮನೆ ಕಡೆ ಹೊರಟ. ಎಲ್ಲಿಗೆಂದು ಲೊವೀನಾ ಕೇಳಿದಾಗ, ಪಾಸ್ಟರ್ ಜೊತೆ ಆತ್ಮದ ವಿಚಾರ ಮಾತಾಡಬೇಕಿದೆ ಎಂದ. ಈಸ್ಟರ್ ಬಿಟ್ಟರೆ ಚರ್ಚಿನ ಬೆಂಚು ಕಾಣದ ಮನುಷ್ಯ. ಲೊವೀನಾ ಅವನ ಕಾಲರು ಸರಿಮಾಡಿ ಕಳಿಸಿದಳು.

ಉಗ್ರಾಣದಲ್ಲಿ ಡಾರ್ಲಾ ಅವನ ಪಕ್ಕದಲ್ಲೇ ನಿಂತಳು. ಬಂದವರನ್ನು ಒಬ್ಬರೇ ಬಿಡುವುದು ಅವಳ ಮರ್ಯಾದೆಗೆ ಒಗ್ಗದ್ದು. ಒಂದೇ ಡಬ್ಬಿ ಎತ್ತಬಹುದು, ಎತ್ತಿದ್ದು ಅವನ ಪಾಲು. ಆರ್ವಿಲ್ ಯೋಚಿಸಿದ. ಕರವಸ್ತ್ರದಲ್ಲಿ ಸುತ್ತಿದ ನೋಟು ಸದ್ದು ಮಾಡುವುದಿಲ್ಲ, ಆದ್ದರಿಂದ ಸದ್ದು ಮಾಡದ ಡಬ್ಬಿಯೇ ತನ್ನದು. ಮುಗ್ಗರಿಸಿದವನಂತೆ ಹಲಗೆಗೆ ಸೊಂಟ ತಾಗಿಸಿದ. ಬೀಟ್‌ರೂಟ್ ಕುಲುಕಿತು, ಪೀಚು ಕುಲುಕಿತು. ಒಂದು ಡಬ್ಬಿ ಮಾತ್ರ ಮೌನಿಯಂತೆ ನಿಂತಿತ್ತು. ಅದನ್ನೆತ್ತಿ ತಳ ತಿರುಗಿಸಿ ನೋಡಿದ. ತಿರುಗಲಿಲ್ಲ.

ಮೌನವಾಗಿರುವ ಪದಾರ್ಥ ಲೋಕದಲ್ಲಿ ಇನ್ನೊಂದಿತ್ತು. ಗಟ್ಟಿಯಾಗಿ ಅರೆದು ತುಂಬಿದ ಸಿಹಿಗುಂಬಳ.

ಡಬ್ಬಿ ತುಂಬ ಸಿಹಿಗುಂಬಳವನ್ನು ಆರ್ವಿಲ್ ಚಮಚದಲ್ಲಿ ತಿಂದ. ಪಾಸ್ಟರ್ ಅವನೆದುರು ಕೂತು ಆತ್ಮದ ವಿಚಾರ ಮಾತಾಡಿದರು. ಮಾರನೇ ದಿನವೂ ಹೋದ, ಸಿಹಿಗುಂಬಳ. ಅದರ ಮಾರನೇ ದಿನವೂ. ಥ್ಯಾಂಕ್ಸ್‌ಗಿವಿಂಗ್ ಮುಗಿದ ವಾರ ತಾನು ತೋರಿದ್ದ ಶೌರ್ಯ ಈಗ ಡಬ್ಬಿಡಬ್ಬಿಯಾಗಿ ಎದುರು ನಿಂತಿತು. ಅವನ ಮುಖಕ್ಕೆ ನಸುಗೆಂಪು ಬಣ್ಣ ಬಂದಿದೆಯೆಂದು, ಅದು ಭಕ್ತಿಯ ಕಳೆಯೆಂದು ಊರಿನಲ್ಲಿ ಮಾತಾಯಿತು.

ಇನ್ನೊಂದು ಸಂಜೆ ಎತ್ತಿದ ಡಬ್ಬಿಗೆ ಬೇರೆಯೇ ತೂಕವಿತ್ತು. ತಳ ತಿರುಗಲಿಲ್ಲ. ಡಾರ್ಲಾ ಮುಚ್ಚಳ ಕತ್ತರಿಸಿ ಮೂಸಿ ನೋಡಿದಳು.

"ಮಾಂಸದ ಸಾರು," ಎಂದಳು ಖುಷಿಯಿಂದ. "ಬಿಸಿ ಮಾಡಿ ಕೊಡ್ತೀನಿ ಇರಿ. ಪಾಪ, ದಿನಾ ಕುಂಬಳಕಾಯೇ ಬರ್ತಿತ್ತು ನಿಮಗೆ."

ಆರ್ವಿಲನಿಗೆ ವಾಸನೆ ತಿಳಿಯಿತು. ಅದು ನಾಯಿಯ ಊಟ. ಬೇಡವೆನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ, ಪಾಸ್ಟರ್ ಉಗ್ರಾಣಕ್ಕೆ ನಾಯಿಯ ಊಟ ಕಾಣಿಕೆ ಕೊಟ್ಟವನೆಂದು ಊರಿನಲ್ಲಿ ಹೆಸರು ಉಳಿಯುತ್ತದೆ. ಬಟ್ಟಲು ಹೊಗೆಯಾಡುತ್ತ ಎದುರು ಬಂತು. ಅವನು ಕಣ್ಣು ಮುಚ್ಚಿ ಒಂದು ಚಮಚ ತಿಂದ. ಎದುರು ಕೂತಿದ್ದ ಪಾಸ್ಟರ್‌ಗೆ ಬಾಯಲ್ಲಿ ನೀರೂರಿರಬೇಕು.

"ಘಮಘಮ ಅಂತಿದೆ. ಡೆಂಗ್ಲರ್ ಅವರೇ, ನನಗೂ ಒಂದು ಚಮಚ ರುಚಿ ನೋಡೋಕೆ ಕೊಡ್ತೀರಾ?"

ಆರ್ವಿಲ್ ಬಟ್ಟಲನ್ನು ಎದೆಗವಚಿಕೊಂಡ. "ಇಲ್ಲ," ಎಂದ. "ಇದು ನನ್ನ ಪಾಲು."

ಪಾಸ್ಟರನ್ನು ಉಳಿಸಲೆಂದು ಅವನು ಬಟ್ಟಲು ಬರಿದಾಗುವವರೆಗೆ ತಲೆಯೆತ್ತದೆ ತಿಂದ. ಬದುಕಿನಲ್ಲಿ ಅವನು ಮಾಡಿದ ಅತಿ ದೊಡ್ಡ ತ್ಯಾಗ ಅದೇ. ನೋಡಿದವರಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತು. ಡಾರ್ಲಾ ಮಾರನೇ ದಿನ ಲೊವೀನಾಳನ್ನು ಅಂಗಡಿಯಲ್ಲಿ ಕಂಡು, ನಿಮ್ಮ ಮನೆಯವರಿಗೆ ಮನೆಯಲ್ಲಿ ಊಟ ಸರಿಯಾಗಿ ಸೇರುತ್ತಿಲ್ಲವೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದಳಂತೆ.

ಮುಂದಿನ ವಾರದ ಬುಧವಾರ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಡಾರ್ಲಾ ಒಂದು ಡಬ್ಬಿ ಹಿಡಿದು ಬಂದಳು. ಎಷ್ಟು ಕೊರೆದರೂ ಓಪನರ್ ಜಾರುತ್ತಿದೆ, ಇದೊಂದು ವಿಚಿತ್ರ ಡಬ್ಬಿ ಎಂದು ಗಂಡನ ಕೈಗೆ ಕೊಟ್ಟಳು. ಆರ್ವಿಲನ ಕೈಯ ಚಮಚ ನಿಂತಿತು. ಪಾಸ್ಟರ್ ಅದನ್ನು ಅತ್ತಿತ್ತ ತಿರುಗಿಸಿದರು. ತಳ ಬಿಚ್ಚಿಕೊಂಡಿತು. ಒಳಗಿನಿಂದ ಮಡಿಸಿದ ಒಂದು ಕರವಸ್ತ್ರ ಜಾರಿ ಮೇಜಿನ ಮೇಲೆ ಬಿತ್ತು. ಪಾಸ್ಟರ್ ಅದನ್ನು ಬಿಡಿಸಿ ಕೊಡವಿದರು. ಬರೀ ಕರವಸ್ತ್ರ.

ಊರು ಮೇಜು ಗುದ್ದಿ ನಕ್ಕಿತು. ಸುಳ್ಳು ಡಬ್ಬಿ, ಅದರೊಳಗೆ ಕರವಸ್ತ್ರ, ಆರ್ವಿಲನ ಕುಚೇಷ್ಟೆಗೆ ಎಣೆಯಿಲ್ಲ ಎಂದರು. ಅವನು ಮಾತ್ರ ಪಾಸ್ಟರ್ ಕಾಲಲ್ಲಿದ್ದ ಹೊಸ ಬೂಟುಗಳನ್ನು ನೋಡುತ್ತಿದ್ದ. ಪಾಸ್ಟರ್ ಮನೆಯ ಅಡುಗೆಕೋಣೆಯಲ್ಲಿ ಹೊಸ ಪರದೆ ಬಂದದ್ದೂ ನೆನಪಾಯಿತು. ಊಟ ಬಿಟ್ಟು ಮನೆಗೆ ನಡೆದ.

ಲೊವೀನಾ ಅವತ್ತು ಊಟಕ್ಕೆ ಬಂದಿರಲಿಲ್ಲ. ವರಾಂಡದ ತೂಗುಬೆಂಚಿನಲ್ಲಿ ಕೂತಿದ್ದಳು. ಆರ್ವಿಲ್ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಡಬ್ಬಿ, ಚೀಟಿ, ಸಿಹಿಗುಂಬಳ, ನಾಯಿಯ ಊಟ, ಹೊಸ ಬೂಟು, ಒಂದನ್ನೂ ಬಿಡಲಿಲ್ಲ. ಕೊನೆಗೆ, ಸಮುದ್ರ ಹೋಯಿತು ಕಣೇ ಎಂದ. ಲೊವೀನಾ ಕಾಲೂರಿ ಬೆಂಚಿನ ತೂಗಾಟ ನಿಲ್ಲಿಸಿದಳು.

"ಪಾಸ್ಟರ್ ಮೇಲೆ ಯಾಕೆ ಹೋಗ್ತೀಯ," ಎಂದಳು ಲೊವೀನಾ. "ದುಡ್ಡು ನಾನು ತೆಗೆದೆ."

ಆರ್ವಿಲ್ ಅವಳತ್ತ ತಿರುಗಿದ.

"ನನ್ನ ಜಾಡಿ ಇರೋ ಮನೇಲಿ, ನನ್ನ ಹಲಗೆ ಮೇಲೆ, ಅಂಗಡಿ ಹುಳಿಕೋಸಿನ ಡಬ್ಬಿ! ನನಗೆ ಕಾಣಲ್ಲ ಅಂದ್ಕೊಂಡ್ಯಾ? ಬಂದ ದಿನಾನೇ ಬಿಚ್ಚಿ ನೋಡಿದೆ. ತುಂಬ್ತಾ ಇದೆ, ತುಂಬಲಿ ಅಂತ ಸುಮ್ಮನಿದ್ದೆ. ಚೀಟಿಗಳನ್ನ ತೊಟ್ಟೀಲಿ ನೆನೆಹಾಕಿದ್ದು ನೋಡಿದ ಮೇಲೆ, ಇನ್ನು ಇವನ ಕೈಲಿ ಇದು ಉಳಿಯಲ್ಲ ಅಂತ ಗೊತ್ತಾಯ್ತು."

ಹಾಗಾದರೆ ಇಷ್ಟು ದಿನ ತನ್ನನ್ನು ಯಾಕೆ ಹೋಗಲು ಬಿಟ್ಟೆ ಎಂದು ಆರ್ವಿಲ್ ಕೇಳಿದ. ದನಿಯಲ್ಲಿ ಸಿಹಿಗುಂಬಳದ ನೋವಿತ್ತು.

"ಆತ್ಮದ ವಿಚಾರ ಅಂದೆಯಲ್ಲ. ಅದಕ್ಕೆ ಅಡ್ಡ ಬರೋಕೆ ನಾನ್ಯಾರು?"

ಆಮೇಲೆ ಅವಳು ಕೈಚೀಲದಿಂದ ಎರಡು ಬಸ್ ಟಿಕೇಟು ತೆಗೆದು ಅವನ ತೊಡೆಯ ಮೇಲಿಟ್ಟಳು. ಮೇರಿಲ್ಯಾಂಡಿನ ಕಡಲತೀರಕ್ಕೆ, ಶುಕ್ರವಾರ ಬೆಳಗ್ಗೆ. ಅಲೆಗೆ ಎದುರಾಗಿ ಕಿಟಕಿಯಿರುವ ಕೋಣೆಯನ್ನೂ ಗೊತ್ತು ಮಾಡಿದ್ದಳು. ಆರ್ವಿಲ್ ಟಿಕೇಟುಗಳನ್ನು ಬೆಳಕಿಗೆ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು. ಆದರೆ ಅಭ್ಯಾಸಬಲ, ಒದ್ದೆ ಕಣ್ಣೇ ಮೆಲ್ಲಗೆ ಜಾರಿ ಬೆಲೆಯ ಮೇಲೆ ನಿಂತಿತು.

"ಪೂರ್ತಿ ಬೆಲೆನಾ?"

"ಪೂರ್ತಿ ಬೆಲೆ. ಟಿಕೇಟು ಕೊಡೋನು ಕೂಪನ್ ಇದೆಯಾ ಅಂತ ಕೇಳಿದ. ಇಲ್ಲಪ್ಪ, ಇಲ್ಲ ಅಂದೆ." ಲೊವೀನಾ ಆ ಮಾತನ್ನು ಬಾಯಲ್ಲಿ ಇನ್ನೊಮ್ಮೆ ಆಡಿಸಿ ಸವಿದಳು. "ಎಷ್ಟು ಹಾಯ್ ಅನ್ನಿಸ್ತು ಗೊತ್ತಾ, ಆರ್ವಿಲ್."

ಹೋದ ಭಾನುವಾರದ ಪತ್ರಿಕೆಯಲ್ಲೇ ಆ ಬಸ್ಸಿನ ಕೂಪನ್ ಇತ್ತು; ಅವನೇ ಕತ್ತರಿಸಿ ಇಟ್ಟಿದ್ದ. ಹೇಳಲು ಬಾಯಿ ತೆರೆದ. ತೆರೆದ ಬಾಯನ್ನು, ಮದುವೆಯಾದಾಗಿನಿಂದ ಬಹುಶಃ ಮೊದಲ ಸಲ, ಮುಚ್ಚಿಕೊಂಡ. ಸಮುದ್ರ ಸಿಕ್ಕಿತಲ್ಲ. ಅಷ್ಟರಲ್ಲಿ ಬೆಂಚಿನ ಕೆಳಗೆ ಕಾಲಿಗೆ ಏನೋ ತಾಗಿತು. ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ.

"ಹಾಂ, ಅದು ಡಾರ್ಲಾ ಕೊಟ್ಟು ಹೋಗಿದ್ದು," ಎಂದಳು ಲೊವೀನಾ. "ಊರಿಗೆ ಹೊರಟಿದೀವಿ ಅಂದಿದ್ದೆ. ದಾರಿಗೆ ಬುತ್ತಿ. ಅಲ್ಲಾಡಿಸಿ ಅಲ್ಲಾಡಿಸಿ, ಸದ್ದು ಮಾಡದಿರೋವನ್ನೇ ಆರಿಸಿದಾಳಂತೆ. ನಿನಗೆ ಅವೇ ಇಷ್ಟ ಅಂತ."

ಆರ್ವಿಲ್ ಎದ್ದ. ಟಿಕೇಟುಗಳನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಮೆಟ್ಟಿಲಿಳಿದು, ಹುಲ್ಲು ದಾಟಿ, ಬೀದಿಯ ದೀಪದ ಕಡೆಗೆ ನಡೆದ.

"ತೂಕ ನೋಡಿ ಮಾಂಸದ ಸಾರಿಂದೂ ಎರಡು ಹಾಕಿದಾಳಂತೆ," ಲೊವೀನಾ ಹಿಂದಿನಿಂದ ಹೇಳುತ್ತಲೇ ಇದ್ದಳು. "ಓಪನರ್ ನಾನು ತಗೊಂಡಿದೀನಿ. ಚಮಚ ಒಂದು ನೀನು ನೆನಪಾಗಿ..."